ಹೆಸರು ಕೇಳಬಾರದ ಊರಿನಲ್ಲಿ

ಯಾನೊಮಾಮಿ ಜನರಲ್ಲಿ ಸತ್ತವರ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬದುಕಿರುವ ಹಿರಿಯರ ಹೆಸರನ್ನು ಎಲ್ಲರೆದುರು ಕೂಗುವುದೂ ಅಗೌರವ. ಗಂಡನ ಹೆಸರು ಹೇಳದ ನಮ್ಮ ಅಜ್ಜಿಯಂದಿರನ್ನು ಕಂಡವರಿಗೆ ಇದು ತೀರಾ ವಿಚಿತ್ರ ಅನ್ನಿಸಲಾರದು.

ಇವರು ಇರುವುದು ವೆನೆಜುವೆಲಾ ಮತ್ತು ಬ್ರೆಜಿಲ್ ಗಡಿಯ ಅಮೆಜಾನ್ ಮಳೆಕಾಡಿನಲ್ಲಿ. 1964ರ ಕೊನೆಗೆ ನೆಪೋಲಿಯನ್ ಶ್ಯಾಗ್ನನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಅಲ್ಲಿಗೆ ಹೋದಾಗ ಅವರಿಗೆ 26 ವರ್ಷ. ಯಾರಿಗೆ ಯಾರು ಮಗ, ಯಾರು ಯಾರನ್ನು ಮದುವೆಯಾದರು ಎಂಬ ವಂಶಾವಳಿ ಬರೆದುಕೊಳ್ಳುವುದು ಅವರ ಕೆಲಸ. ಅಂದರೆ ಕೇಳಬಾರದ ಹೆಸರುಗಳನ್ನೇ ಕೇಳಬೇಕಿತ್ತು!

ಬಿಸಾಸಿ-ತೇರಿ ಎಂಬ ಹಳ್ಳಿಯವರು ಹೆಸರು ಕೊಟ್ಟರು, ಆದರೆ ಎಲ್ಲವೂ ಸುಳ್ಳು. ತಿಂಗಳುಗಟ್ಟಲೆ ನೋಟ್‌ಬುಕ್ ತುಂಬಿತು. ಒಮ್ಮೆ ಬೇರೆ ಹಳ್ಳಿಗೆ ಹೋದಾಗ ಶ್ಯಾಗ್ನನ್ ಇಲ್ಲಿನ ಮುಖಂಡನ ಹೆಂಡತಿಯ ಹೆಸರನ್ನು ಹೇಳಿದರು. ಕೇಳಿದವರು ಬಿದ್ದು ಬಿದ್ದು ನಕ್ಕರು. ಅದು ಹೆಸರಾಗಿರಲಿಲ್ಲ, ಅಶ್ಲೀಲವಾದ ಮಾತಾಗಿತ್ತು. ಅಷ್ಟು ದಿನದ ಶ್ರಮ ನೀರುಪಾಲಾಯಿತು.

ಈ ಕಥೆಯನ್ನು ಶ್ಯಾಗ್ನನ್ ಅವರೇ ತಮಾಷೆಯಾಗಿ ಬರೆದುಕೊಂಡಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು ಆಮೇಲೆ ನಡೆದದ್ದು. ಒಬ್ಬರ ಪೂರ್ವಜರ ಹೆಸರನ್ನು ಅವರಿಗಾಗದವರ ಬಳಿ ಕೇಳಿ ತಿಳಿಯುವ ದಾರಿಯನ್ನು ಅವರು ಹಿಡಿದರು. ಹೀಗೆ ಕಲೆಹಾಕಿದ ವಂಶಾವಳಿಗಳೇ ಅವರ ವೃತ್ತಿಜೀವನದ ಬುನಾದಿ. 1968ರಲ್ಲಿ ಬಂದ ಅವರ ಪುಸ್ತಕ ಯಾನೊಮಾಮಿಗಳನ್ನು 'ಉಗ್ರ ಜನ' ಎಂದು ಕರೆಯಿತು, ಅಮೆರಿಕದ ಕಾಲೇಜುಗಳಲ್ಲಿ ಪಠ್ಯವಾಯಿತು. ಕೊಲೆ ಮಾಡಿದ ಗಂಡಸರಿಗೆ ಹೆಂಡತಿ, ಮಕ್ಕಳು ಹೆಚ್ಚು ಎಂದು 1988ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಬರೆದದ್ದು ದೊಡ್ಡ ಜಗಳವನ್ನೇ ಎಬ್ಬಿಸಿತು. ಅದೇ ಹೊತ್ತಿಗೆ ಬ್ರೆಜಿಲ್‌ನ ಯಾನೊಮಾಮಿ ಕಾಡಿಗೆ ಚಿನ್ನ ಅಗೆಯುವವರು ಸಾವಿರಾರು ಸಂಖ್ಯೆಯಲ್ಲಿ ನುಗ್ಗಿದ್ದರು. ಇಂಥ ಚಿತ್ರಣ ಭೂಮಿ ಕಸಿಯುವವರಿಗೆ ನೆಪವಾಗುತ್ತದೆ ಎಂದು ಅಲ್ಲಿನ ಮಾನವಶಾಸ್ತ್ರಜ್ಞರು ಆಕ್ಷೇಪಿಸಿದರು. 1992ರಲ್ಲಿ ಸುಮಾರು 96,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಅರ್ಧದಷ್ಟು ಪ್ರದೇಶ, ಯಾನೊಮಾಮಿ ನೆಲವೆಂದು ಅಧಿಕೃತವಾಯಿತು.

ಶ್ಯಾಗ್ನನ್ ಮೇಲೆ ಅನ್ಯಾಯದ ಆರೋಪವೂ ಬಂತು. 1968ರ ದಡಾರದ ಸಾವುಗಳಿಗೆ ಅವರೂ ತಳಿವಿಜ್ಞಾನಿ ಜೇಮ್ಸ್ ನೀಲ್ ಅವರೂ ಕಾರಣ ಎಂದು 2000ದಲ್ಲಿ ಒಂದು ಪುಸ್ತಕ ಹೇಳಿತು. ಆ ಆರೋಪ ನಿಲ್ಲಲಿಲ್ಲ. ಅವರ ತಂಡ ನಿಜಕ್ಕೂ ಲಸಿಕೆ ಹಾಕಿತ್ತು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದ ಶ್ಯಾಗ್ನನ್ 2019ರಲ್ಲಿ ತೀರಿಕೊಂಡರು.

ಆದರೆ ಅದೇ ತಂಡ ರಕ್ತದ ಮಾದರಿಗಳನ್ನೂ ತೆಗೆದುಕೊಂಡಿತ್ತು. ಯಾನೊಮಾಮಿಗಳು ಸತ್ತವರನ್ನು ಸುಡುತ್ತಾರೆ, ಅವರಿಗೆ ಸೇರಿದ ವಸ್ತುಗಳನ್ನೂ ಉಳಿಸುವುದಿಲ್ಲ. ಅಂಥವರ ಅಪ್ಪ ಅಮ್ಮಂದಿರ ರಕ್ತ ಅಮೆರಿಕದ ಫ್ರೀಜರ್‌ಗಳಲ್ಲಿ ದಶಕಗಟ್ಟಲೆ ಉಳಿಯಿತು. ಇದು ತಿಳಿದ ಮೇಲೆ ಅವರ ನಾಯಕ, ಶಾಮನ್ ಡಾವಿ ಕೊಪೆನಾವಾ ಅದನ್ನು ವಾಪಸ್ ಕೇಳಿದರು. ವರ್ಷಗಟ್ಟಲೆ ಪಟ್ಟು ಹಿಡಿಯಬೇಕಾಯಿತು.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು 'ಸಮ್ಮತಿ' ಎಂಬುದನ್ನು ಟೇಬಲ್‌ನ ಒಂದು ಕಾಲಂ ಮಾಡಿಬಿಟ್ಟಿದ್ದೇವೆ. ಹೌದು ಅಥವಾ ಇಲ್ಲ. ಒಮ್ಮೆ 'ಹೌದು' ಬಿದ್ದರೆ ಆ ಡೇಟಾ ಎಲ್ಲಿಗೆ ಹೋಯಿತು, ಎಷ್ಟು ಕಾಲ ಉಳಿಯಿತು ಎಂದು ಕೊಟ್ಟವರಿಗೆ ಗೊತ್ತಾಗುವುದಿಲ್ಲ. 2023ರ ನಮ್ಮ ಡೇಟಾ ರಕ್ಷಣಾ ಕಾಯಿದೆ ಕೊಟ್ಟ ಸಮ್ಮತಿಯನ್ನು ಹಿಂಪಡೆಯುವ ಹಕ್ಕು ಕೊಡುತ್ತದೆ. ಕಾಡಿನ ಜನ ಆ ಹಕ್ಕನ್ನು ಅದಕ್ಕೆ ಮೊದಲೇ ಕೇಳಿ ಗೆದ್ದಿದ್ದರು. ಜತೆಗೆ ಅವರ ಪ್ರಶ್ನೆ ನಮ್ಮ ಕಾಯಿದೆಗಿಂತ ದೊಡ್ಡದು: ಸತ್ತವರ ಪರವಾಗಿ ಕೇಳುವವರು ಯಾರು?

2015ರ ಏಪ್ರಿಲ್‌ನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಮಾದರಿಗಳು ಬ್ರೆಜಿಲ್‌ನ ಟೊಟೊಟೊಬಿ ಪ್ರದೇಶಕ್ಕೆ ಮರಳಿದವು. ಹಿರಿಯರು ಅಳುತ್ತಾ ಅವನ್ನು ಮಣ್ಣಿಗೆ ಸೇರಿಸಿದರು. ಪುಸ್ತಕಗಳಲ್ಲಿ ಅಚ್ಚಾದ ಸತ್ತವರ ಹೆಸರುಗಳು ಮಾತ್ರ ಇನ್ನೂ ಹಾಗೆಯೇ ಇವೆ.