ಹೆದ್ದಾರಿಯಲ್ಲಿ ‘ನಾನು’

ಚಕ್ಕಡಿಗಳ ಕಾಲದಲ್ಲಿ ನಮ್ಮ ಸೀಮೆಯ ದಾರಿಗಳಿಗೆ ಒಂದು ಮರ್ಯಾದೆಯಿತ್ತೆಂದು ಹಿರಿಯರು ಹೇಳುತ್ತಿದ್ದರು. ಇಕ್ಕಟ್ಟಾದ ಹಾದಿಯಲ್ಲಿ ಎರಡು ಬಂಡಿಗಳು ಎದುರಾದರೆ ಹೇರು ತುಂಬಿದ ಬಂಡಿಗೆ ಖಾಲಿ ಬಂಡಿಯು ದಾರಿ ಬಿಡಬೇಕು. ಖಾಲಿ ಬಂಡಿಯಲ್ಲಿ ಊರ ಗೌಡನೇ ಕುಳಿತಿದ್ದರೂ ಸರಿಯೇ, ಎತ್ತುಗಳನ್ನು ಬದಿಯ ಹೊಲಕ್ಕೆ ಇಳಿಸಿ ನಿಲ್ಲುತ್ತಿದ್ದನಂತೆ. ಎತ್ತುಗಳ ಕಷ್ಟವನ್ನು ನೋಡಿ ದಾರಿಯ ನ್ಯಾಯ ತೀರ್ಮಾನವಾಗುತ್ತಿತ್ತೇ ಹೊರತು ಬಂಡಿಯಲ್ಲಿ ಕುಳಿತವನ ಅಂತಸ್ತನ್ನು ನೋಡಿ ಅಲ್ಲ. ದಾರಿ ಬಿಟ್ಟವನಿಗೆ ಅವಮಾನವಾಯಿತೆಂದು ಯಾರೂ ಎಣಿಸುತ್ತಿರಲಿಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರಸ್ತೆಗಳಲ್ಲಿ ಇಂದು ಸಂಚರಿಸುವಾಗ ಈ ಮಾತು ನಮಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಕಳೆದ ವರ್ಷ ಕಬ್ಬು ಕಡಿಯುವ ಹಂಗಾಮಿನಲ್ಲಿ, ಒಂದು ಲಗ್ನದ ನಿಮಿತ್ತ ಹಾನಗಲ್ಲಿನಿಂದ ಹಾವೇರಿಗೆ ಕಾರಿನಲ್ಲಿ ಹೊರಟಿದ್ದೆವು. ಗಾಡಿ ನಡೆಸುತ್ತಿದ್ದವನು ನಮ್ಮ ಬೀಗರ ಮಗ. ವಿನಯವಂತ, ಹಿರಿಯರೆದುರು ಕಾಲಮೇಲೆ ಕಾಲು ಹಾಕಿ ಕುಳಿತವನಲ್ಲ. ಹಿಂದಿನ ಆಸನದಲ್ಲಿ ಅವನ ಅಜ್ಜಿ ಕುಳಿತಿದ್ದರು. ಊರು ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಇನ್ನೊಂದು ಕಾರು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿ ಮುಂದೆ ಹೋಯಿತು. ನಡೆದದ್ದು ಅಷ್ಟೇ. ಹುಡುಗನ ಮುಖದ ಬಣ್ಣ ಮಾತ್ರ ಬದಲಾಯಿತು. ಅವನು ಮುಂದಿನ ಕಾರನ್ನು ಬೆನ್ನಟ್ಟಿದನು. ಹತ್ತಿರವಾದೊಡನೆ ಅದರವನೂ ವೇಗ ಹೆಚ್ಚಿಸಿದನು. ಬಲಕ್ಕೆ ಬಂದರೆ ಬಲಕ್ಕೆ ಸರಿದು ಅಡ್ಡವಾದನು. ನಡುವೆ ವಿಭಜಕವಿಲ್ಲದ ಆ ರಸ್ತೆಯಲ್ಲಿ ಇಬ್ಬರೂ ಹೀಗೆ ನಾಲ್ಕೈದು ಕಿಲೋಮೀಟರ್ ಓಡಿದರು.

ಇಲ್ಲಿ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಅವನನ್ನು ತಡೆಯಲಿಲ್ಲ. ಮೊದಲ ಕ್ಷಣಗಳಲ್ಲಂತೂ ನಮ್ಮ ಹುಡುಗನೇ ಮುಂದಾಗಲಿ ಎಂಬ ಆಸೆ ಒಳಗೊಳಗೇ ಮೂಡಿತ್ತು. ಕೊನೆಗೆ ಆ ಓಟವನ್ನು ನಿಲ್ಲಿಸಿದ್ದು ಸಂಗೂರಿನ ಸಕ್ಕರೆ ಕಾರ್ಖಾನೆಯತ್ತ ಹೊರಟಿದ್ದ ಕಬ್ಬಿನ ಟ್ರ್ಯಾಕ್ಟರು. ಎರಡು ಟ್ರೇಲರುಗಳ ತುಂಬ ಹೇರು. ಹಿಂಬದಿಗೆ ಒಂದು ಕೆಂಪು ದೀಪವೂ ಇಲ್ಲ. ಬ್ರೇಕಿನ ಸದ್ದು ಅಡಗಿದಾಗ ಟ್ರೇಲರಿನಿಂದ ಜೋಲುತ್ತಿದ್ದ ಕಬ್ಬಿನ ಸೋಗೆ ನಮ್ಮ ಕಾರಿನ ಗಾಜಿಗೆ ಮೊಳದಷ್ಟು ದೂರದಲ್ಲಿತ್ತು. ಅಜ್ಜಿ ಕೊರಳಿನ ಇಷ್ಟಲಿಂಗವನ್ನು ಎರಡೂ ಕೈಗಳಿಂದ ಹಿಡಿದು ಕಣ್ಣು ಮುಚ್ಚಿದ್ದರು.

ಆ ದಿನ ಹುಡುಗನು ಗೆದ್ದಿದ್ದರೆ ಅವನಿಗೆ ಏನು ದೊರೆಯುತ್ತಿತ್ತು? ಮೂವತ್ತು ಕಿಲೋಮೀಟರ್ ದಾರಿಯನ್ನು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಕ್ರಮಿಸಲು 30 ನಿಮಿಷ ಬೇಕು. 80ರ ವೇಗದಲ್ಲಿ ಇಪ್ಪತ್ತೆರಡೂವರೆ ನಿಮಿಷ. ಉಳಿಯುವುದು ಏಳೂವರೆ ನಿಮಿಷ ಮಾತ್ರ. ಅದೂ ದಾರಿಯುದ್ದಕ್ಕೂ ದನಕರು, ಸಂತೆ, ಶಾಲೆಯ ಮಕ್ಕಳು ಯಾರೂ ಅಡ್ಡ ಬಾರದಿದ್ದರೆ. ತೆರಬೇಕಾದ ಬೆಲೆಯನ್ನೂ ಲೆಕ್ಕ ಹಾಕೋಣ. 80ರ ವೇಗದ ವಾಹನವು ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಸಾಗುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ ಸೇರಿದರೆ ಇಬ್ಬರ ನಡುವಿನ ಅಂತರ ಸೆಕೆಂಡಿಗೆ 44 ಮೀಟರಿನಂತೆ ಕರಗುತ್ತದೆ. ಮುಂದಿನವನನ್ನು ದಾಟಲು ಹತ್ತು ಸೆಕೆಂಡು ಹಿಡಿದರೆ ಕಣ್ಣಿಗೆ ಕಾಣುವಂತೆ 440 ಮೀಟರಿಗೂ ಹೆಚ್ಚು ತೆರವಾದ ರಸ್ತೆ ಬೇಕು. ದಾಟಿಸಿಕೊಳ್ಳುವವನು ಹಟದಿಂದ ವೇಗ ಹೆಚ್ಚಿಸಿದನೆಂದರೆ ಆ ಹತ್ತು ಸೆಕೆಂಡು ಹದಿನೈದಾಗುತ್ತದೆ, ಇಪ್ಪತ್ತಾಗುತ್ತದೆ.

ಆದ್ದರಿಂದಲೇ 1989ರ ರಸ್ತೆ ನಿಯಮಗಳಲ್ಲಿಯೂ, ಅವುಗಳ ಸ್ಥಾನದಲ್ಲಿ 2017ರಲ್ಲಿ ಬಂದ ಚಾಲನಾ ನಿಯಮಗಳಲ್ಲಿಯೂ ನಮ್ಮಲ್ಲಿ ಅನೇಕರು ಕೇಳಿಯೇ ಇರದ ಒಂದು ವಿಧಿಯಿದೆ. ಇನ್ನೊಬ್ಬನು ತನ್ನನ್ನು ದಾಟುತ್ತಿರುವಾಗ ಚಾಲಕನು ತನ್ನ ವೇಗವನ್ನು ಹೆಚ್ಚಿಸಕೂಡದು ಎಂಬುದೇ ಆ ವಿಧಿ. ದಾಟುವವನ ಆತುರವನ್ನು ಎಲ್ಲರೂ ಬಯ್ಯುತ್ತಾರೆ. ದಾಟಗೊಡದವನ ಹಟವೂ ಅಷ್ಟೇ ದೊಡ್ಡ ಅಪರಾಧವೆಂದು ಹೇಳುವವರು ವಿರಳ. ಆ ದಿನ ಮುಂದಿನ ಕಾರಿನವನು ಹಾಗೂ ನಮ್ಮ ಹುಡುಗ ಈ ಎರಡು ತಪ್ಪುಗಳನ್ನು ಹಂಚಿಕೊಂಡಿದ್ದರು.

ಎಲ್ಲ ಅಪಘಾತಗಳಿಗೂ ಅಹಂಕಾರವೇ ಕಾರಣವೆಂದರೆ ಅನ್ಯಾಯವಾದೀತು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಮರಳುತ್ತಿದ್ದ ಭಕ್ತರ ವಾಹನವು ನಿಂತಿದ್ದ ಲಾರಿಗೆ ಬಡಿದು 13 ಜೀವಗಳು ಹೋದವು. ನಿದ್ದೆಗೆಟ್ಟ ಕಣ್ಣು, ದೀಪವಿಲ್ಲದ ಲಾರಿ, ಮಾಲೀಕನ ಗಡುವು, ಕೆಟ್ಟ ರಸ್ತೆ, ಇವೂ ನಮ್ಮ ದಾರಿಗಳಲ್ಲಿ ಪ್ರಾಣ ತೆಗೆಯುತ್ತವೆ. ಆದರೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಯ ಸಾವಿಗೆ ಅತಿವೇಗವೇ ಕಾರಣವೆಂದು ಕೇಂದ್ರ ಸರಕಾರದ ವರದಿ ತಿಳಿಸುತ್ತದೆ. ಆ ವೇಗದ ಹಿಂದೆ ಎಷ್ಟು ಅವಸರವಿತ್ತು, ಎಷ್ಟು ಹಟವಿತ್ತು ಎಂಬುದನ್ನು ಯಾವ ವರದಿಯೂ ಅಳೆಯಲಾರದು.

ಸವಣೂರಿನವರು ಮರೆಯಲಾಗದ ದಿನವೊಂದಿದೆ. 2025ರ ಜನವರಿ 22ರ ನಸುಕಿನಲ್ಲಿ, ಕುಮಟಾ ಸಂತೆಗೆ ಹೊರಟಿದ್ದ ಅಲ್ಲಿಯ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿಯು ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ ಹತ್ತು ಮಂದಿ ಅಸುನೀಗಿದರು. ಇನ್ನೊಂದು ವಾಹನಕ್ಕೆ ದಾರಿ ಬಿಡಲೆಂದು ಎಡಕ್ಕೆ ಸರಿದಾಗ ಲಾರಿಯು ಸುಮಾರು 50 ಮೀಟರ್ ಆಳಕ್ಕೆ ಬಿದ್ದಿತೆಂದು ಪೊಲೀಸರು ಆಗ ತಿಳಿಸಿದರು. ಅಲ್ಲಿ ತಡೆಗೋಡೆ ಇರಲಿಲ್ಲ. ದುಡಿದು ತಿನ್ನುವ ಬಡವರು. ದಿನದ ದುಡಿಮೆಗೆಂದು ಹೋದವರು ಮನೆಗೆ ಮರಳಲಿಲ್ಲ. ದಾರಿ ಬಿಡುವುದು ಸೌಜನ್ಯವೆಂದು ಬರೆಯುವುದು ಸುಲಭ. ಬಿಡುವವನಿಗೆ ಕಾಲೂರಲು ನೆಲವಿದೆಯೇ ಎಂಬುದನ್ನು ಕೇಳುವವನು ನೋಡಬೇಕು, ರಸ್ತೆ ಮಾಡಿಸುವವರೂ ನೋಡಬೇಕು.

ಶಿಗ್ಗಾಂವಿಯ ಮೂಲಕ ಹಾಯುವ ಪುಣೆ-ಬೆಂಗಳೂರು ಹೆದ್ದಾರಿಯ ರೀತಿಯೇ ಬೇರೆ. ಹಿಂದೆ 4ನೆಯ ಸಂಖ್ಯೆಯದಾಗಿದ್ದು ಈಗ 48 ಎನಿಸಿಕೊಂಡಿರುವ ಈ ರಸ್ತೆ ಅಗಲವಾಗಿದೆ, ನಡುವೆ ವಿಭಜಕವೂ ಇದೆ. ಆದರೂ ಮುಂದಿನ ತಿರುವಿನವರೆಗೆ ಹೋಗಿ ಮರಳುವ ಬೇಸರಕ್ಕೆ ಎದುರು ದಿಕ್ಕಿನಲ್ಲಿಯೇ ಬರುವ ದ್ವಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಅಲ್ಲಿ ಕಾಣುತ್ತೇವೆ. ಹಿರೇಕೆರೂರಿನ ಕಡೆ ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ಗೋವಿನಜೋಳ ಒಣಗುತ್ತಿರುತ್ತದೆ. ಕಾಳಿನ ಸುತ್ತ ಕಲ್ಲುಗಳನ್ನಿಟ್ಟು ರಾತ್ರಿ ಹಾಗೆಯೇ ಬಿಟ್ಟು ಹೋಗುವವರಿದ್ದಾರೆ. ಕಣವಿಲ್ಲದ ರೈತನ ಕಷ್ಟ ನಮಗೆ ಗೊತ್ತು. ಆದರೆ ಆ ಕಲ್ಲಿಗೆ ಬೈಕು ತಾಗಿ ಬೀಳುವವನೂ ರೈತನ ಮಗನೇ.

ರಾತ್ರಿಯ ಪ್ರಯಾಣದಲ್ಲಿ ಈ ಹಟದ ಇನ್ನೊಂದು ರೂಪ ಕಾಣಸಿಗುತ್ತದೆ. ಎದುರಿನವನು ದೀಪ ತಗ್ಗಿಸಲಿಲ್ಲವೆಂದು ಇವನೂ ತಗ್ಗಿಸುವುದಿಲ್ಲ. ಇಬ್ಬರೂ ಕುರುಡರಾಗಿ ಒಬ್ಬರನ್ನೊಬ್ಬರು ದಾಟುತ್ತಾರೆ. ನಡುವೆ ಪಾದಚಾರಿಯೊಬ್ಬನಿದ್ದರೆ ಅವನ ಗತಿಯೇನು? ಮಠದ ಅಂಗಳದಲ್ಲಿ ಕಂಡವರಿಗೆಲ್ಲ ತಾವೇ ಮೊದಲು ಬಾಗಿ ‘ಶರಣು ಶರಣಾರ್ಥಿ’ ಎನ್ನುವವರು ನಾವು. ಸ್ಟಿಯರಿಂಗ್ ಕೈಗೆ ಬಂದೊಡನೆ ಎದುರಿನವನೇ ಮೊದಲು ಬಾಗಲಿ ಎಂದು ಕಾಯುತ್ತೇವೆ. ಗಾಜಿನ ಮೇಲೆ ಬಸವಣ್ಣನವರ ಚಿತ್ರ, ಒಳಗೆ ಗುರುಗಳ ಭಾವಚಿತ್ರ ಇರುವ ವಾಹನದಿಂದಲೇ ಅವಾಚ್ಯ ಬೈಗುಳ ಹೊರಬರುವುದನ್ನು ಕೇಳಿ ನಾಚಿಕೊಂಡಿದ್ದೇವೆ. ಆ ಬೈಗುಳವನ್ನು ಮೊದಲು ಕೇಳಿಸಿಕೊಳ್ಳುವುದು ಪಕ್ಕದಲ್ಲಿ ಕುಳಿತ ಮಗು. ಹತ್ತು ವರ್ಷಗಳ ನಂತರ ಅದೇ ಮಗು ಲೈಸೆನ್ಸ್ ಪಡೆಯುತ್ತದೆ.

ಶಿಗ್ಗಾಂವಿ ತಾಲೂಕಿನ ಬಾಡ ಗ್ರಾಮದಲ್ಲಿ ಜನಿಸಿದ ಕನಕದಾಸರ ಕುರಿತು ಒಂದು ಪ್ರತೀತಿಯನ್ನು ಓದುಗರು ಬಲ್ಲರು. ಮೋಕ್ಷಕ್ಕೆ ಯಾರು ಹೋಗಬಲ್ಲರೆಂದು ಕೇಳಿದಾಗ ಅವರು, ‘ನಾನು’ ಹೋದರೆ ಹೋದೇನು ಎಂದರಂತೆ. ಮೋಕ್ಷದ ಮಾತು ದೊಡ್ಡದು. ಹಾನಗಲ್ಲಿನಿಂದ ಹಾವೇರಿಗೆ ಹೋಗಿ ಬರುವುದಕ್ಕೂ ಆ ಮಾತು ಸಲ್ಲುತ್ತದೆಯೆಂದು ನಮಗೆ ಹೊಳೆದದ್ದು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ನಿಂತಾಗಲೇ.

ಲಗ್ನ ಮುಗಿಸಿ ಅದೇ ರಾತ್ರಿ ಮರಳಿದೆವು. ಅಜ್ಜಿ ಹಟ ಹಿಡಿದು ಮುಂದಿನ ಆಸನದಲ್ಲಿ, ಮೊಮ್ಮಗನ ಪಕ್ಕದಲ್ಲಿ ಕುಳಿತರು. ದಾರಿಯಲ್ಲಿ ಎದುರಿನಿಂದ ಬಂದ ಗಾಡಿಯೊಂದು ಕಣ್ಣು ಕುಕ್ಕುವ ದೀಪವನ್ನು ತಗ್ಗಿಸಲೇ ಇಲ್ಲ. ಹುಡುಗನು ತನ್ನ ದೀಪ ತಗ್ಗಿಸಿ, ವೇಗವನ್ನೂ ಕಡಿಮೆ ಮಾಡಿ, ಎಡಕ್ಕೆ ಸರಿದನು. ಗಾಡಿ ದಾಟಿದ ಮೇಲೆ ಬಾಯಿಯೊಳಗೇ ಏನೋ ಗೊಣಗಿದನು.

“ಏನಂದಿ?” ಎಂದರು ಅಜ್ಜಿ.

“ಏನಿಲ್ಲ ಬೇ” ಎಂದನು.

ಹಾನಗಲ್ಲ ಸೇರಿದಾಗ ಹತ್ತು ಗಂಟೆ ಹೊಡೆದಿತ್ತು. ಅವನ ತಾಯಿ ಬಾಗಿಲಲ್ಲಿಯೇ ನಿಂತಿದ್ದರು. ಇಷ್ಟೇಕೆ ತಡವಾಯಿತೆಂದು ಕೇಳಿದರು. ನಾವು ಯಾರೂ ಹೇಳಲಿಲ್ಲ.