ಕೂಸಿನ ನಿದ್ದೆಗೊಂದು ನೆಲೆ

‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆ ಮಾತು ಎಲ್ಲರಿಗೂ ಸಲ್ಲುವುದಾಗಿದ್ದರೆ, ಲೋಕದಲ್ಲಿ ಅತ್ಯಂತ ಸುಖವಾಗಿ ನಿದ್ರಿಸುವವರು ಮಕ್ಕಳೇ ಆಗಬೇಕಿತ್ತು. ಸಾಲದ ಚಿಂತೆ ಅವರಿಗಿಲ್ಲ. ಮಳೆ ಬೆಳೆಗಳ ಚಿಂತೆಯಿಲ್ಲ. ನಾಳೆ ಒಲೆ ಹೊತ್ತಿಸುವ ಚಿಂತೆಯಂತೂ ಇಲ್ಲವೇ ಇಲ್ಲ. ಆದರೂ ಊರು ಮಲಗಿದ ಮೇಲೆ ಒಂದಲ್ಲ ಒಂದು ಮನೆಯಿಂದ ಕೂಸಿನ ಅಳು ಕೇಳಿಬರುತ್ತದೆ. ಗಾದೆ ಹುಟ್ಟಿದ್ದು ದೊಡ್ಡವರನ್ನು ಕುರಿತು. ಮಕ್ಕಳ ವಿಷಯದಲ್ಲಿ ಅದನ್ನು ತಿರುಗಿಸಿ, ಚಿಂತೆ ಇರಲಿ ಇಲ್ಲದಿರಲಿ ಸಂತೆಯಲ್ಲಿ ಕೂಸಿಗೆ ನಿದ್ದೆಯಿಲ್ಲ ಎಂದೇ ಹೇಳಬೇಕಾಗುತ್ತದೆ.

ನಿದ್ದೆಗೆಡುವ ಮಗುವನ್ನು ಕಂಡಾಗ ನಾವು ಮಾಡುವ ಮೊದಲ ಕೆಲಸವೆಂದರೆ ದೂರು. ಮಗು ಹಟಮಾರಿ ಎನ್ನುತ್ತೇವೆ. ದೃಷ್ಟಿ ತಾಗಿದೆ ಎನ್ನುತ್ತೇವೆ. ಕೊನೆಗೆ ತಾಯಿಯ ಹಾಲೇ ಸಾಲದು ಎಂದು ಬಾಣಂತಿಯ ಕಡೆ ಬೆರಳು ತೋರಿಸುತ್ತೇವೆ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳಗಾದರೆ ಮತ್ತೆ ಹೊಲಕ್ಕೋ ಅಡುಗೆಮನೆಗೋ ನಡೆಯಬೇಕಾದ ಆ ಹೆಣ್ಣುಮಗಳಿಗೆ ನಿದ್ದೆಗೇಡಿನ ಜೊತೆಗೆ ಅಪವಾದವೂ ಗಂಟುಬೀಳುತ್ತದೆ. ಇಂದಿನ ಮಾತಿನಲ್ಲಿ ನನ್ನ ಅರಿಕೆ ಇಷ್ಟೆ: ಕೂಸನ್ನೂ ತಾಯಿಯನ್ನೂ ದೂರುವ ಮುನ್ನ, ಕೂಸು ಮಲಗುವ ಜಾಗವನ್ನು ಒಮ್ಮೆ ಕಣ್ಣಿಟ್ಟು ನೋಡೋಣ. ವಿಚಾರ ಗಾಳಿಯಲ್ಲಿ ತೇಲಬಾರದೆಂದು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ನೀರಮಾನ್ವಿ, ಅದರ ನೆರೆಯ ದೇವದುರ್ಗದ ಸೀಮೆ, ಇವುಗಳನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ.

ಮಗುವಿಗೆ ಎಷ್ಟು ನಿದ್ದೆ ಬೇಕು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ ಹುಟ್ಟಿದಂದಿನಿಂದ 3 ತಿಂಗಳವರೆಗೆ ದಿನಕ್ಕೆ 14ರಿಂದ 17 ಗಂಟೆ, 4ರಿಂದ 11 ತಿಂಗಳಲ್ಲಿ 12ರಿಂದ 16 ಗಂಟೆ, ಒಂದೆರಡು ವರ್ಷದವರಿಗೆ 11ರಿಂದ 14, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ. ಹಗಲು ನಿದ್ದೆಯೂ ಈ ಲೆಕ್ಕದೊಳಗೇ ಸೇರಿದೆ. ಶರೀರವನ್ನು ಬೆಳೆಸುವ ರಸ ಹೆಚ್ಚಾಗಿ ಸ್ರವಿಸುವುದು ಗಾಢನಿದ್ರೆಯಲ್ಲಿ. ಹಗಲಿನಲ್ಲಿ ಕಲಿತದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ಆದುದರಿಂದ ಮಗುವಿನ ನಿದ್ದೆ ದೊಡ್ಡವರ ಬಿಡುವಿಗಾಗಿ ಇರುವ ಅನುಕೂಲವೆಂದು ಯಾರೂ ತಿಳಿಯಬಾರದು. ಅದು ಅನ್ನದಷ್ಟೇ ಅಗತ್ಯವಾದ ಆಹಾರ.

ಈ ನಿದ್ದೆ ಒಂದೇ ಎಳೆಯಾಗಿ ಸಾಗುವುದಿಲ್ಲ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ರಿಸುವವರ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಆಗಾಗ ವೇಗವಾಗಿ ಚಲಿಸುವುದನ್ನು ಲೋಕಕ್ಕೆ ತಿಳಿಸಿದರು. ಅಸೆರಿನ್‌ಸ್ಕಿ ಈ ಜಾಡು ಹಿಡಿದದ್ದು ಮಲಗಿದ ಶಿಶುಗಳ ಕಣ್ಣುಗಳನ್ನು ತಾಸುಗಟ್ಟಲೆ ಕಾದು ನೋಡಿ ಎಂಬುದು ಗಮನಿಸತಕ್ಕ ಸಂಗತಿ. ಗಾಢನಿದ್ರೆ, ಚಂಚಲನಿದ್ರೆ, ಮತ್ತೆ ಗಾಢನಿದ್ರೆ, ಹೀಗೆ ನಿದ್ದೆ ಸುತ್ತುಸುತ್ತಾಗಿ ಬರುತ್ತದೆ. ದೊಡ್ಡವರಲ್ಲಿ ಒಂದು ಸುತ್ತಿಗೆ ಸುಮಾರು 90 ನಿಮಿಷ. ಎಳೆಗೂಸಿನಲ್ಲಿ 50ರಿಂದ 60 ನಿಮಿಷ. ಒಂದು ಸುತ್ತು ಮುಗಿದು ಇನ್ನೊಂದು ಮೊದಲಾಗುವ ಗಡಿಯಲ್ಲಿ ಪ್ರತಿಯೊಂದು ಮಗುವೂ ಅರೆ ಎಚ್ಚರಗೊಳ್ಳುತ್ತದೆ. ಮಲಗುವಾಗ ಇದ್ದದ್ದೆಲ್ಲ ಇದ್ದಲ್ಲೇ ಇದ್ದರೆ ಮಗ್ಗುಲು ಬದಲಿಸಿ ಮತ್ತೆ ನಿದ್ರಿಸುತ್ತದೆ. ತೊಡೆಯ ಮೇಲೆ ಮಲಗಿದ ಮಗುವಿಗೆ ಈಗ ತೊಡೆ ಇಲ್ಲವಾಗಿದ್ದರೆ, ತೂಗುವಾಗ ಕಣ್ಣು ಮುಚ್ಚಿದ ಕೂಸಿಗೆ ತೊಟ್ಟಿಲು ನಿಂತುಬಿಟ್ಟಿದ್ದರೆ, ಉರಿಯುತ್ತಿದ್ದ ದೀಪ ಆರಿದ್ದರೆ, ಅದು ಬೆಚ್ಚಿ ಅಳುತ್ತದೆ. ನಡುರಾತ್ರಿಯಲ್ಲಿ ಅಪರಿಚಿತ ಸ್ಥಳದಲ್ಲಿ ಕಣ್ಣು ತೆರೆದರೆ ನಾವೂ ಗಾಬರಿಯಾಗುವುದಿಲ್ಲವೆ?

ಇಲ್ಲಿಂದ ಮೊದಲ ಸೂತ್ರ ದೊರೆಯುತ್ತದೆ. ರಾತ್ರಿಯುದ್ದಕ್ಕೂ ಬದಲಾಗದೆ ಉಳಿಯುವ ಸ್ಥಳವೇ ಒಳ್ಳೆಯ ಮಲಗುವ ಸ್ಥಳ. ಕೂಸಿಗೆ ತೂಕಡಿಕೆ ಬಂದ ಮೇಲೆ, ಪೂರ್ಣ ನಿದ್ದೆ ಹತ್ತುವ ಮುನ್ನವೇ, ಅದು ಬೆಳಗಿನವರೆಗೆ ಮಲಗಬೇಕಾದ ಜಾಗದಲ್ಲಿ ಇಳಿಸಬೇಕು. ಮೊದಲ ನಾಲ್ಕಾರು ದಿನ ಅತ್ತರೂ ತಾಯಿ ಪಕ್ಕದಲ್ಲೇ ಕುಳಿತು ಎದೆಯ ಮೇಲೆ ಕೈಯಿಟ್ಟಿದ್ದರೆ ಸಾಕು. ಮೆಲ್ಲಗೆ ಜಾಗ ಒಗ್ಗುತ್ತದೆ.

ಎರಡನೆಯದು ತಂಪು. ಬಿಸಿಲುಸೀಮೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಯಲ್ಲಮ್ಮನ ಜಾತ್ರೆಗೆ ಹೆಸರಾದ ನೀರಮಾನ್ವಿಯಲ್ಲಾಗಲಿ ರಾಯಚೂರು ನಗರದಲ್ಲಾಗಲಿ ಮೇ ತಿಂಗಳ ಹಗಲು 40 ಡಿಗ್ರಿ ದಾಟುವುದು ಸಾಮಾನ್ಯ. ನಿದ್ದೆ ಹತ್ತಬೇಕಾದರೆ ಶರೀರದ ಒಳಗಿನ ಕಾವು ತುಸು ಇಳಿಯಬೇಕು. ಅದು ಅಂಗೈ, ಅಂಗಾಲು, ತಲೆಗಳ ಮೂಲಕ ಹೊರಗೆ ಹೋಗುತ್ತದೆ. ದೊಡ್ಡವರಿಗೆ ಹೋಲಿಸಿದರೆ ಕೂಸಿನ ಮೈಯಲ್ಲಿ ತಲೆಯ ಪಾಲು ದೊಡ್ಡದು. ಅಂಥ ತಲೆಗೆ ಬೇಸಿಗೆಯಲ್ಲೂ ಕುಲಾವಿ ಬಿಗಿದು, ಮೇಲೆ ಕುಂಚಿಗೆ ಹೊದಿಸಿದರೆ ಕಾವು ಹೋಗುವುದಾದರೂ ಎಲ್ಲಿಂದ? ಚಳಿಗಾಲಕ್ಕೂ ಬಾಣಂತಿಕೋಣೆಯ ಮೊದಲ ದಿನಗಳಿಗೂ ಅವು ತಕ್ಕವು. ಧಗೆಯ ರಾತ್ರಿಯಲ್ಲಿ ಕೂಸಿಗೆ ಒಂದು ತೆಳ್ಳನೆಯ ಹತ್ತಿ ಅಂಗಿ ಸಾಕು. ಕುತ್ತಿಗೆಯ ಹಿಂಬದಿಯನ್ನು ಮುಟ್ಟಿ ನೋಡಿ. ಬೆವರಿದ್ದರೆ ಕೂಸು ಕುದಿಯುತ್ತಿದೆ ಎಂದೇ ಅರ್ಥ.

ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ದಪ್ಪ ಗೋಡೆ, ಮೇಲ್ಮುದ್ದೆಯ ಮಣ್ಣು, ನಡುವೆ ಬೆಳಕಿಂಡಿ ಇರುತ್ತಿದ್ದವು. ಬಿಸಿಲು ಒಳಗಿಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಿಸಿಗಾಳಿ ಬೆಳಕಿಂಡಿಯಿಂದ ಮೇಲೇರಿ ಹೋಗುತ್ತಿತ್ತು. ಇಂದಿನ ನಾಲ್ಕೈದು ಅಂಗುಲದ ಸಿಮೆಂಟು ಛಾವಣಿ ಹಗಲೆಲ್ಲ ಬಿಸಿಲನ್ನು ಕುಡಿದು, ಸರಿಯಾಗಿ ಮಕ್ಕಳು ಮಲಗುವ ವೇಳೆಗೆ ಅದನ್ನು ಕೆಳಗೆ ಸುರಿಯುತ್ತದೆ. ಅದರ ಅಡಿಯಲ್ಲಿ ಫ್ಯಾನು ತಿರುಗಿದರೆ ಬರುವುದು ಬಿಸಿಗಾಳಿಯೇ. ಇದಕ್ಕೆ ದುಬಾರಿ ಉಪಾಯಗಳು ಬೇಕಾಗಿಲ್ಲ. ಬೇಸಿಗೆ ಮೊದಲಾಗುವ ಮುನ್ನ ಛಾವಣಿಯ ಮೇಲೆ ದಟ್ಟವಾಗಿ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ನೀರಿನ ಅನುಕೂಲವಿದ್ದರೆ ಸಂಜೆ ಮಾಳಿಗೆಗೆ ನೀರು ಚಿಮುಕಿಸಬಹುದು. ಮಗುವಿನ ಹಾಸಿಗೆಯನ್ನು ಪಡುವಣ ಗೋಡೆಯಿಂದ ದೂರ ಸರಿಸಬೇಕು. ಸಂಜೆಯ ಬಿಸಿಲು ಬೀಳುವುದು ಆ ಗೋಡೆಗೆ. ಹಗಲು ಕಿಟಕಿ ಮುಚ್ಚಿ, ಕತ್ತಲಾದ ಮೇಲೆ ಎದುರುಬದಿರಿನ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು. ಗಾಳಿಯಾಡುವ ಹೊರಸೂ ನೆಲದ ಫರಸಿಯೂ ದಪ್ಪ ಸ್ಪಂಜಿನ ಗಾದಿಗಿಂತ ತಂಪು. ಆದರೆ ಜೋತುಬಿದ್ದ ಹೊರಸು ಎಳೆಗೂಸಿಗೆ ಸಲ್ಲದು. ಮಾಳಿಗೆಯ ಮೇಲೆ ಮಲಗುವ ಮನೆಗಳಲ್ಲಿ ಕೈಪಿಡಿ ಗೋಡೆ ಇಲ್ಲದಿದ್ದರೆ ನಡೆಯುವ ಮಗುವನ್ನು ಅಲ್ಲಿ ಮಲಗಿಸಲೇಬಾರದು. ಇದ್ದರೂ ಇಬ್ಬರು ದೊಡ್ಡವರ ನಡುವೆಯೇ ಅದಕ್ಕೆ ಜಾಗ.

ಇನ್ನು ತೊಟ್ಟಿಲು. ಹೆಸರಿಡುವ ಶಾಸ್ತ್ರದಿಂದ ಹಿಡಿದು ದಾಸರ ಜೋಗುಳದ ಹಾಡುಗಳವರೆಗೆ ತೊಟ್ಟಿಲು ನಮ್ಮ ಸಂಸ್ಕೃತಿಯಲ್ಲಿ ತೂಗುತ್ತಲೇ ಬಂದಿದೆ. ದಾಸರ ಹಾಡಿನ ಕೃಷ್ಣನೂ ತೂಗದೆ ಮಲಗುವವನಲ್ಲ. ಈ ನಂಬಿಕೆಗೆ ವಿಜ್ಞಾನದ ಒಪ್ಪಿಗೆಯೂ ಉಂಟು. ಜಿನೀವಾ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ನಾಲ್ಕು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗುವ ಮಂಚದಲ್ಲಿ ದೊಡ್ಡವರಿಗೂ ಬೇಗ ನಿದ್ದೆ ಹತ್ತಿತು. ಹಗ್ಗ ಉದ್ದವಾದಷ್ಟೂ ತೂಗು ನಿಧಾನವಾಗುತ್ತದೆ; ಎರಡು ಮೀಟರು ಹಗ್ಗದ ತೊಟ್ಟಿಲು ಹೋಗಿ ಬರಲು ಸುಮಾರು ಮೂರು ಸೆಕೆಂಡು ತೆಗೆದುಕೊಳ್ಳುತ್ತದೆ. ತೊಲೆಗೆ ಎತ್ತರದಲ್ಲಿ ಕಟ್ಟುತ್ತಿದ್ದ ಹಿರಿಯರು ಗಣಿತವಿಲ್ಲದೆಯೇ ಇದನ್ನು ಅರಿತಿದ್ದರು.

ಆದರೆ ಹಳೆಯ ಸೀರೆಯ ಜೋಲಿಯ ಬಗ್ಗೆ ಎರಡು ಎಚ್ಚರಿಕೆಯ ಮಾತು ಅಗತ್ಯ. ಜೋಲಿಯ ತಳ ಗುಂಡಾಗಿರುವುದರಿಂದ ಎಳೆಗೂಸಿನ ಗದ್ದ ಎದೆಗೆ ಒತ್ತಿ ಉಸಿರಿಗೆ ತೊಡಕಾಗಬಹುದು. ಬಟ್ಟೆ ಮುಖದ ಮೇಲೆ ಮುಚ್ಚಿಕೊಳ್ಳಬಹುದು. ಅದು ಕಣ್ಣೆದುರು ಹಗಲಿನ ಸಣ್ಣ ನಿದ್ದೆಗೆ ಇರಲಿ. ಎಲ್ಲರೂ ಮಲಗಿದ ರಾತ್ರಿಗೆ ಬೇಡ. ಕೂಸು ಮಗುಚಿಕೊಳ್ಳಲು ಕಲಿತ ದಿನವೇ ಅದರ ಜೋಲಿಯ ಕಾಲ ಮುಗಿಯಿತು. ಎರಡನೆಯದು ಇನ್ನೂ ಗಂಭೀರ: ಖಾಲಿ ಜೋಲಿಯಲ್ಲಿ ಅಕ್ಕ ಅಣ್ಣಂದಿರು ಆಟವಾಡುವಾಗ ಸೀರೆ ಹುರಿಗೊಂಡು ಕೊರಳಿಗೆ ಸುತ್ತಿ ಪ್ರಾಣಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದುತ್ತೇವೆ. ಕೂಸನ್ನು ಎತ್ತಿಕೊಂಡ ಕೂಡಲೇ ಜೋಲಿಯನ್ನು ಬಿಚ್ಚಿ ಇಡುವುದು ಅಥವಾ ಮಕ್ಕಳಿಗೆ ಎಟುಕದಂತೆ ಮೇಲೆ ಕಟ್ಟುವುದು ಮನೆಯ ಕಟ್ಟಳೆಯಾಗಬೇಕು.

ಹಾಗಾದರೆ ರಾತ್ರಿಗೆ ಯಾವುದು? ನಮ್ಮ ಕಡೆಯ ಕೌದಿಯೇ ಇದಕ್ಕೆ ಉತ್ತರ. ಹಳೆಯ ಸೀರೆ ಧೋತರಗಳನ್ನು ಪದರಪದರವಾಗಿ ಜೋಡಿಸಿ ಕೈಯಿಂದ ಹೊಲಿದ ಕೌದಿ ಸಮತಟ್ಟಾಗಿರುತ್ತದೆ, ಗಾಳಿಯಾಡುತ್ತದೆ, ಒಗೆದರೆ ಶುಭ್ರವಾಗುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಗಟ್ಟಿಯಾದ ಸಮತಟ್ಟಾದ ಹಾಸು ಬೇಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬೂ ಸೇರಿದಂತೆ ಯಾವ ದಿಂಬೂ ಬೇಡ. ಬೆನ್ನ ಮೇಲೆ ಮಲಗಿಸಬೇಕು. ಬೆನ್ನ ಮೇಲೆ ಮಲಗಿಸಿರೆಂದು ಬ್ರಿಟನ್ನಿನಲ್ಲಿ 1991ರಲ್ಲೂ ಅಮೆರಿಕದಲ್ಲಿ 1994ರಲ್ಲೂ ವ್ಯಾಪಕ ಪ್ರಚಾರ ನಡೆದ ಬಳಿಕ, ನಿದ್ದೆಯಲ್ಲೇ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕೂ ಕೆಳಗಿಳಿಯಿತು. ತಾಯಿಯ ಕೈಗೆಟಕುವಂತೆ, ಆದರೆ ಅದರದೇ ಕೌದಿಯ ಮೇಲೆ ಕೂಸು ಮಲಗಿರುವುದು ಮೇಲು. ಕುಡಿದವರ, ಬೀಡಿ ಸಿಗರೇಟು ಸೇದುವವರ ಮಗ್ಗುಲಲ್ಲಿ ಅದನ್ನು ಎಂದಿಗೂ ಮಲಗಿಸಬಾರದು.

ಕೌದಿಯ ಮೇಲೊಂದು ಸೊಳ್ಳೆಪರದೆ ಇರಲಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು, ಮಾನ್ವಿ, ರಾಯಚೂರುಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಅನ್ನದ ಜೊತೆಗೆ ಸೊಳ್ಳೆಯೂ ಬಂತು. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ಆದುದರಿಂದ ಹಗಲು ನಿದ್ದೆಗೂ ಪರದೆ ಬೇಕು. ಅಂಚನ್ನು ಕೌದಿಯ ಅಡಿಗೆ ಸುತ್ತಲೂ ಸಿಕ್ಕಿಸಿದರೆ ನೆಲದ ಮೇಲೆ ಮಲಗಿದವರಿಗೆ ಚೇಳಿನಿಂದಲೂ, ರಾತ್ರಿ ಹರಿದಾಡುವ ಕಟ್ಟುಹಾವಿನಿಂದಲೂ ರಕ್ಷಣೆ. ಅದೇ ಪರದೆ ಮಗುವಿನ ಕಣ್ಣಿಗೆ ಒಂದು ಸಣ್ಣ ಮನೆಯಾಗಿಯೂ ಕಾಣುತ್ತದೆ ಎಂಬುದನ್ನು ಮರೆಯಬಾರದು.

ಮಗು ಸ್ವಲ್ಪ ದೊಡ್ಡದಾದ ಮೇಲೆ ಜಾಗದ ಪ್ರಶ್ನೆ ಮನಸ್ಸಿನ ಪ್ರಶ್ನೆಯೂ ಆಗುತ್ತದೆ. ಮನೆಗೆ ಹೊಸ ಕೂಸು ಬಂದ ದಿನ ಎರಡು ಮೂರು ವರ್ಷದ ಹಿರಿಯ ಮಗು ತಾಯಿಯ ಮಗ್ಗುಲನ್ನು ಕಳೆದುಕೊಳ್ಳುತ್ತದೆ. ರಾತ್ರಿ ಬೆಚ್ಚುವುದು, ಬಿಟ್ಟಿದ್ದ ಉಚ್ಚೆಯ ರೂಢಿ ಮರಳುವುದು ಅಂದಿನಿಂದಲೇ. ಅದು ಹೊಟ್ಟೆಕಿಚ್ಚೆಂದು ಗದರಿಸುವುದಕ್ಕಿಂತ, ಹೆರಿಗೆಗೆ ಎರಡು ಮೂರು ತಿಂಗಳ ಮೊದಲೇ ಅಜ್ಜಿಯ ಅಥವಾ ತಂದೆಯ ಪಕ್ಕದಲ್ಲಿ ಅದಕ್ಕೆ ಹೊಸ ಜಾಗ ಮಾಡಿಕೊಡುವುದು ವಿವೇಕ. ಆಗ ತನ್ನನ್ನು ಹೊರದೂಡಿದರೆಂಬ ಭಾವ ಬರುವುದಿಲ್ಲ. ತನಗೂ ಒಂದು ಜಾಗ ಸಿಕ್ಕಿತೆಂಬ ಹೆಮ್ಮೆ ಇರುತ್ತದೆ. ಎರಡು ಮೂಲೆಗಳನ್ನು ತೋರಿಸಿ ಯಾವುದು ಬೇಕೆಂದು ಮಗುವನ್ನೇ ಕೇಳುವುದು ಇನ್ನೂ ಒಳ್ಳೆಯದು. ತಾನೇ ಆರಿಸಿದ ಮೂಲೆಯಲ್ಲಿ ಮಗು ಬೇಗ ನೆಲೆಗೊಳ್ಳುತ್ತದೆ. ಒಂದೇ ಕೋಣೆಯ ಮನೆಯಲ್ಲೂ ಒಂದು ಹಳೆಯ ಸೀರೆಯನ್ನು ಅಡ್ಡಕಟ್ಟಿ ದೀಪದ ಬೆಳಕನ್ನು ಮರೆಮಾಡಬಹುದು. ಮಲಗುವ ಒಂದು ಗಂಟೆ ಮೊದಲೇ ಟಿ.ವಿ.ಯನ್ನೂ ಮೊಬೈಲನ್ನೂ ಆರಿಸುವುದು ದೊಡ್ಡವರು ಮಾಡಬೇಕಾದ ತ್ಯಾಗ. ಗುಮ್ಮ ಬಂತೆಂದು ಹೆದರಿಸಿ ಮಲಗಿಸಿದರೆ ಆ ಗುಮ್ಮ ಹಾಸಿಗೆಯಲ್ಲೇ ನೆಲೆಸುತ್ತಾನೆ.

ಇಷ್ಟೆಲ್ಲ ಹೇಳುವಾಗ, ಮಲಗಲು ನೆಲೆಯೇ ಇಲ್ಲದ ಮಕ್ಕಳನ್ನು ಮರೆತರೆ ಅನ್ಯಾಯವಾದೀತು. ದೇವದುರ್ಗ, ಮಾನ್ವಿ, ಲಿಂಗಸುಗೂರು ತಾಲ್ಲೂಕುಗಳಿಂದ ಕುಟುಂಬಗಳು ಬೆಂಗಳೂರಿನ ಕಟ್ಟಡದ ಕೆಲಸಕ್ಕೆಂದು ಗುಳೆ ಹೋಗುತ್ತವೆ. ತಗಡಿನ ಶೆಡ್ಡಿನಲ್ಲಿ, ಯಂತ್ರಗಳ ಸದ್ದಿನ ನಡುವೆ, ತಿಂಗಳಿಗೊಂದು ಜಾಗದಲ್ಲಿ ಕೂಸು ಕಣ್ಣು ಮುಚ್ಚಬೇಕು. ಹತ್ತಿ ಬಿಡಿಸುವ ಕಾಲದಲ್ಲಿ ಊರಲ್ಲೇ ಇದ್ದರೂ ಹೊಲದ ಬದುವಿನ ಬೇವಿನ ಮರವೇ ಅದರ ಮನೆ. ಇಂಥ ತಾಯಂದಿರಿಗೆ ಹೇಳಬಹುದಾದದ್ದು ಒಂದೇ: ಗೋಡೆ ಬದಲಾದರೂ ಕೌದಿ ಬದಲಾಗದಿರಲಿ. ಅದೇ ಕೌದಿ, ಅದೇ ಹೊತ್ತು, ಅದೇ ಹಾಡು ಜೊತೆಗಿದ್ದರೆ ಮಗು ತನ್ನ ನೆಲೆಯನ್ನು ಗಂಟುಕಟ್ಟಿಕೊಂಡೇ ಹೋದಂತೆ. ಉಳಿದದ್ದು ಸಮಾಜದ ಹೊಣೆ. 2023ರ ಬಳಿಕ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತೆರೆಯಲಾದ ‘ಕೂಸಿನ ಮನೆ’ಗಳು ಆ ದಾರಿಯ ಒಂದು ಹೆಜ್ಜೆ, ಕಟ್ಟಡದ ಕೆಲಸ ನಡೆಯುವಲ್ಲೆಲ್ಲ ಅಂಥದೊಂದು ತಂಪು ಕೋಣೆ ಇರಬೇಕೆಂದು ಕೇಳುವುದು ಹೆಚ್ಚೇನಲ್ಲ.

ಏಕೆಂದರೆ ನೆಲೆ ಸಿಗದಲ್ಲಿ ಮದ್ದು ನುಗ್ಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿಯ ಗಿರಣಿಗಳಿಗೆ ಹೋಗುತ್ತಿದ್ದ ತಾಯಂದಿರು ಕೂಸುಗಳಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸುತ್ತಿದ್ದುದು ಚರಿತ್ರೆಯ ಕಹಿ ಸತ್ಯ. ಇಂದು ಅದೇ ಕೆಲಸಕ್ಕೆ ಕೆಮ್ಮಿನ ಸಿರಪ್ಪನ್ನು ಬಳಸುವವರಿದ್ದಾರೆ. ಅದೂ ಅಷ್ಟೇ ಅಪಾಯ.

ಜಾಗ ಸರಿಪಡಿಸಿ ಎರಡು ಮೂರು ವಾರ ಕಳೆದರೂ ನಿದ್ದೆ ಬಾರದಿದ್ದರೆ ವೈದ್ಯರಲ್ಲಿಗೆ ಹೋಗಬೇಕು. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಗಂಟಲ ಗಡ್ಡೆ ಬೆಳೆದಿರಬಹುದು. ಕಾಲು ಒದರುತ್ತಲೇ ಇರುವ ಮಗುವಿಗೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಿರಬಹುದು. ರಾತ್ರಿ ಗುದದ ಬಳಿ ತುರಿಸಿಕೊಳ್ಳುವ ಮಗುವಿಗೆ ಜಂತುಹುಳು ಇರಬಹುದು. ಜಂತುಹುಳುವಿನ ಗುಳಿಗೆಯನ್ನು 2015ರಿಂದ ಅಂಗನವಾಡಿ, ಶಾಲೆಗಳಲ್ಲೇ ಉಚಿತವಾಗಿ ಕೊಡುವ ಕ್ರಮ ಬಂದಿದೆ. ಇವೆಲ್ಲ ಗುಣವಾಗತಕ್ಕ ಕಾರಣಗಳು.

ಕೂಸಿಗೆ ತನ್ನ ಕಷ್ಟ ಹೇಳಲು ಮಾತಿಲ್ಲ. ಅಳುವೇ ಅದರ ಭಾಷೆ. ಇಂದು ರಾತ್ರಿ ಅದು ಅತ್ತರೆ, ಅದು ಮಲಗಿದ ಜಾಗದಲ್ಲಿ ನೀವೂ ಐದು ನಿಮಿಷ ತಲೆಯಿಟ್ಟು ಮಲಗಿ ನೋಡಿ. ಧಗೆಯೋ, ಬೆಳಕೋ, ಸೊಳ್ಳೆಯೋ, ಒಂಟಿತನವೋ, ಅಳುವಿನ ಅರ್ಥ ನಿಮಗೇ ತಿಳಿಯುತ್ತದೆ.