ನಾಲ್ಕು ದಿನದ ಹಾದಿ, ಎರಡು ಗಾಲಿಯ ಮೇಲೆ

ಹುಬ್ಬಳ್ಳಿಯಿಂದ ಹಾವೇರಿಯತ್ತ ಹೆದ್ದಾರಿ ಹಿಡಿದು ಸಾಗುವವರಿಗೆ ಶಿಗ್ಗಾವಿ, ಬಂಕಾಪುರಗಳು ಫಲಕದ ಮೇಲಿನ ಹೆಸರುಗಳಾಗಿ ಕಣ್ಣಿಗೆ ಬಿದ್ದು ಮರುಕ್ಷಣವೇ ಹಿಂದೆ ಸರಿಯುತ್ತವೆ. ದಾರಿ ಅಗಲವಾದಷ್ಟೂ ನಾಡು ಕಿರಿದಾಗಿ ತೋರುವುದು ಈ ಕಾಲದ ಪ್ರವಾಸದ ಒಂದು ವಿಚಿತ್ರ. ಆದರೆ ಅದೇ ಹೆದ್ದಾರಿಯನ್ನು ಬಿಟ್ಟು, ಊರಿಂದೂರಿಗೆ ಹೊರಳುತ್ತ, ಕೆರೆಯ ಏರಿಗಳನ್ನು ಬಳಸುತ್ತ ಹೋಗುವ ಹಳ್ಳಿಯ ದಾರಿಗಳಿವೆ. ಶಿಗ್ಗಾವಿ, ಸವಣೂರು, ಹಾನಗಲ್ಲು, ಹಿರೇಕೆರೂರು ತಾಲೂಕುಗಳ ಮೇಲೆ ಹೆಣೆದ ಆ ದಾರಿಗಳನ್ನು ನಿಧಾನವಾಗಿ ಸುತ್ತಿ ಬರಲು ಮೋಟಾರ್ ಸೈಕಲ್ಲಿಗಿಂತ ಒಳ್ಳೆಯ ವಾಹನವಿಲ್ಲ.

ಹಾಗೆ ಸುತ್ತಿ ಬಂದವರು ದುಂಡಸಿಯ ಒಬ್ಬ ನಿವೃತ್ತ ಶಾಲಾಮಾಸ್ತರರು ಮತ್ತು ಬೆಂಗಳೂರಿನಲ್ಲಿ ನೌಕರಿ ಮಾಡುವ ಅವರ ಮಗ. ಮಾಸ್ತರರಿಗೆ ಎಪ್ಪತ್ತು ದಾಟಿದೆ. ಕಣ್ಣು ಮಬ್ಬಾಗಿದೆ. ಇನ್ನು ಗಾಡಿ ಓಡಿಸಕೂಡದೆಂದು ವೈದ್ಯರು ಖಂಡಿತವಾಗಿ ಹೇಳಿದ್ದರು. 1979ರಲ್ಲಿ ಕೊಂಡ ಯೆಜ್ದಿಯನ್ನು ಮಾರಿಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಹುಬ್ಬಳ್ಳಿಯ ಒಬ್ಬರು ಬೆಲೆಯನ್ನೂ ಹೇಳಿದ್ದರು. ವ್ಯವಹಾರ ಮುಗಿಸಲೆಂದೇ ಮಗ ರಜೆ ಹಾಕಿ ಬಂದ. ತಂದೆ ಕೇಳಿದ್ದು ಒಂದೇ ಮಾತು: “ಕೊಡೂಕಿಂತ ಮೊದಲ ಒಂದ ಸುತ್ತು ಹಾಕಿಸಿಕೊಂಡು ಬಾ ತಮ್ಮಾ. ನೀ ಹೊಡಿ, ನಾ ಹಿಂದ ಕೂಡತೀನಿ.”

ಮೈಸೂರಿನಲ್ಲಿ ಹುಟ್ಟಿದ ಗಾಡಿ

ಈ ಗಾಡಿಯ ವಂಶವೃತ್ತಾಂತ ಸ್ವಾರಸ್ಯವಾದದ್ದು. ಜಾವಾ ಎಂಬುದು ಮೂಲತಃ ಚೆಕೊಸ್ಲೊವಾಕಿಯ ದೇಶದ ಹೆಸರು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಕಂಪನಿಯ ಹೆಸರಿನ ಮೊದಲಕ್ಷರಗಳೂ ಕೂಡಿ ಅದು ಹುಟ್ಟಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಈ ಗಾಡಿಗಳನ್ನು ತಯಾರಿಸತೊಡಗಿತು. 1973ರಿಂದ ಅವಕ್ಕೆ ಯೆಜ್ದಿ ಎಂಬ ಹೆಸರು ಬಂದಿತು. ಕಡಿಮೆ ಪೆಟ್ರೋಲು ಕುಡಿಯುವ ಜಪಾನೀ ಮಾದರಿಯ ಹಗುರ ಗಾಡಿಗಳು 1980ರ ದಶಕದಲ್ಲಿ ಪೇಟೆಗೆ ಬಂದ ಮೇಲೆ ಇವುಗಳ ಬೇಡಿಕೆ ಕುಗ್ಗಿತು. ಹೊಗೆಯ ಮೇಲಿನ ನಿರ್ಬಂಧಗಳೂ ಬಿಗಿಯಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ದಿ ಹೆಸರು 2022ರಲ್ಲಿಯೂ ಹೊಸ ಗಾಡಿಗಳ ಮೇಲೆ ಮರಳಿ ಬಂದಿವೆ. ಆದರೆ ಹಳೆಯದರ ಸ್ವಭಾವ ಬೇರೆ.

ಹಳೆಯ ಯೆಜ್ದಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಿ ಹಾಕಬೇಕು. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಕಟ್ಟುತ್ತದೆ. ಕಡಿಮೆಯಾದರೆ ಎಂಜಿನ್ನು ಕಾದು ಕಚ್ಚಿಕೊಳ್ಳುತ್ತದೆ. ಗಾಡಿಯನ್ನು ಒದ್ದು ಎಬ್ಬಿಸುವ ಸನ್ನೆಯೇ ಮಡಚಿಕೊಂಡು ಗೇರು ಬದಲಿಸುವ ಸನ್ನೆಯೂ ಆಗುತ್ತದೆ. ಒಂದೇ ಕೋಲಿಗೆ ಎರಡು ಉದ್ಯೋಗ! ಹೊಸಬರ ಕಾಲು ಇದಕ್ಕೆ ಒಗ್ಗಲು ಎರಡು ದಿನ ಬೇಕು. ಮಗನ ಕಾಲಿಗೂ ಅಷ್ಟೇ ಬೇಕಾಯಿತು.

ಮೊದಲ ದಿನ: ಬೇವಿನ ನೆರಳು

ದುಂಡಸಿ ಮಲೆನಾಡಿನ ಸೆರಗಿನ ಊರು. ಪಡುವಣಕ್ಕೆ ಕಾಡು ಆರಂಭವಾದರೆ ಮೂಡಣಕ್ಕೆ ಎರೆಯ ಬಯಲು ಹರಡುತ್ತದೆ. ಸುಗ್ಗಿಗೆ ಮುನ್ನಿನ ಇಬ್ಬನಿಯ ಮುಂಜಾವಿನಲ್ಲಿ ಗಾಡಿ ಹೊರಟಾಗ ಮನೆಯ ಅವ್ವ ಬಾಗಿಲಲ್ಲಿ ನಿಂತು, ಇಬ್ಬರ ತಲೆಯ ಮೇಲೂ ಹೆಲ್ಮೆಟ್ಟು ಕಂಡ ಮೇಲೆಯೇ ಒಳಗೆ ಹೋದರು. ಬುತ್ತಿಯ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳಿದ್ದವು.

ಶಿಗ್ಗಾವಿಯನ್ನು ದಾಟಿ ಮೊದಲು ಶಿಶುನಾಳ. ಸಂತ ಶರೀಫರು 1819ರಲ್ಲಿ ಹುಟ್ಟಿದ್ದು ಇಲ್ಲಿಯೇ. 1889ರಲ್ಲಿ ಮಣ್ಣಾದದ್ದೂ ಇಲ್ಲಿಯೇ. ಮುಸಲ್ಮಾನ ಮನೆತನದ ಶಿಷ್ಯನನ್ನು ಕಳಸದ ಬ್ರಾಹ್ಮಣ ಗುರು ಗೋವಿಂದಭಟ್ಟರು ಮಗನಂತೆ ಕಂಡ ಕಥೆ ಈ ಸೀಮೆಯ ಮಕ್ಕಳಿಗೂ ಗೊತ್ತು. ಅವರ ಗದ್ದುಗೆಯ ಬಳಿ ಬೇವಿನ ಮರದ ನೆರಳಿದೆ. ಒಬ್ಬರು ಕಾಯಿ ಒಡೆಸಿದರೆ ಇನ್ನೊಬ್ಬರು ಸಕ್ಕರೆ ಓದಿಸುತ್ತಾರೆ. ಮನೆ, ನೀರು, ಬಿದಿಗೆಯ ಚಂದ್ರ ಮೊದಲಾದ ದಿನಬಳಕೆಯ ವಸ್ತುಗಳಿಂದಲೇ ತತ್ತ್ವವನ್ನು ಹೇಳಿದ ಕವಿಗೆ ಇದಕ್ಕಿಂತ ತಕ್ಕ ಸ್ಮಾರಕ ಬೇಕಿಲ್ಲ.

ಸಂಜೆಗೆ ಸವಣೂರು. ನವಾಬರ ಸಂಸ್ಥಾನದ ರಾಜಧಾನಿಯಾಗಿದ್ದ ಈ ಪೇಟೆಯಲ್ಲಿಯೇ ಸತ್ಯಬೋಧ ಸ್ವಾಮಿಗಳ ಮಠವಿದೆ. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಜನಿಸಿದ ಊರೂ ಇದೇ. ಇಲ್ಲಿಯ ದೊಡ್ಡಹುಣಸೆಮಠದ ಹೆಸರಿಗೆ ಕಾರಣವಾದ ಮರಗಳು ಹುಣಸೆಯಲ್ಲ. ಆಫ್ರಿಕ ಖಂಡದಿಂದ ಎಂದೋ ಬಂದು ಬೇರೂರಿದ ಬಾವೋಬಾಬ್ ಮರಗಳು. ಆನೆಯ ಮೈಯಂತಹ ಬೊಡ್ಡೆಯಲ್ಲಿ ನೀರನ್ನು ಕೂಡಿಟ್ಟುಕೊಂಡು ಬೇಸಿಗೆಯನ್ನು ಕಳೆಯುವ ಜಾತಿ ಅದು. ಪರದೇಶದ ಮರವನ್ನು ಊರವರು ತಮ್ಮ ಹುಣಸೆಯೆಂದು ಕರೆದು ಮಠದ ಹೆಸರಿನಲ್ಲಿಯೇ ಸೇರಿಸಿಕೊಂಡದ್ದು ಎಷ್ಟು ಸಹಜ! ರಾತ್ರಿಯ ಊಟದ ಮೇಲೆ ತಂದೆ ಸವಣೂರಿನ ಎಲೆಯ ಒಂದು ಕಟ್ಟು ಕೊಂಡರು. ಮನೆಗೆಂದು ಸವಣೂರಿನ ಖಾರವನ್ನೂ ಕಟ್ಟಿಸಿದರು.

ಎರಡನೆಯ ದಿನ: ಕೋಟೆಯೊಳಗಿನ ನವಿಲು

ಬಂಕಾಪುರಕ್ಕೆ ಆ ಹೆಸರು ಬಂದದ್ದು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನಿಂದ. ಅವನ ಮಗ ಲೋಕಾದಿತ್ಯನ ಕಾಲದಲ್ಲಿ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಇಲ್ಲಿ ಪೂಜೆ ಸಂದಿತು. ಗಂಗರ ಮಾರಸಿಂಹ ಅರಸೊತ್ತಿಗೆಯನ್ನು ತ್ಯಜಿಸಿ, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದೂ ಇಲ್ಲಿಯೇ. ಯುದ್ಧಗಳನ್ನು ಗೆದ್ದವನು ಕೊನೆಗೆ ಅನ್ನನೀರನ್ನೇ ಬಿಟ್ಟು ಕುಳಿತ ಸ್ಥಳದಲ್ಲಿ ಈಗ ನವಿಲುಗಳು ಕೇಗುತ್ತವೆ. ಕೋಟೆಯ 139 ಎಕರೆ ಆವರಣವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಯಿತು. ನಗರೇಶ್ವರನ ಅರವತ್ತು ಕಂಬದ ಗುಡಿಯೊಳಗೆ ಕಾಲಿಟ್ಟರೆ ಕಡೆದ ಕಂಬಗಳ ಮೈ ಕನ್ನಡಿಯಂತೆ ಹೊಳೆಯುತ್ತದೆ. ಮಾಸ್ತರರು ಕಣ್ಣಿಗಿಂತ ಬೆರಳನ್ನೇ ನಂಬಿ, ಕಂಬದಿಂದ ಕಂಬಕ್ಕೆ ಸವರುತ್ತ ನಡೆದರು. ಮಗ ಅದನ್ನು ನೋಡಿಯೂ ನೋಡದಂತೆ ಹೊರಗೆ ಬಂದ.

ಅಲ್ಲಿಂದ ಹಾನಗಲ್ಲಿನ ದಾರಿಯಲ್ಲಿ ನಾಡಿನ ಬಣ್ಣವೇ ಬದಲಾಗುತ್ತದೆ. ಹತ್ತಿಯ ಬಿಳುಪು ಹಿಂದಾಗಿ ಭತ್ತದ ಹೊನ್ನು ಮುಂದಾಗುತ್ತದೆ. ನಾಟಿ ಮಾಡದೆ ಬಿತ್ತಿ ಬೆಳೆಯುವ ಕೂರಿಗೆ ಭತ್ತ ಈ ಸೀಮೆಯ ಹಳೆಯ ಪದ್ಧತಿ. ಹಾನಗಲ್ಲು ಕದಂಬರ ಪಾನುಂಗಲ್ಲು; ಜನರ ನಂಬಿಕೆಯಲ್ಲಿ ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರಿ. ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆಯೆತ್ತಿ ನಿಂತರೆ ಮೇಲ್ಛಾವಣಿಯಿಂದ ಕಲ್ಲಿನ ಕಮಲವೊಂದು ಕೆಳಮುಖವಾಗಿ ಅರಳಿ ತೂಗುತ್ತದೆ. ಗಂಗೂಬಾಯಿಯವರ ಹಾಡಿನೊಂದಿಗೆ ಈ ಊರಿನ ಹೆಸರು ದೇಶವನ್ನೆಲ್ಲ ಸುತ್ತಿತು. ಶಿವಯೋಗಮಂದಿರವನ್ನು ಕಟ್ಟಿದ ಕುಮಾರ ಸ್ವಾಮಿಗಳೂ ಇಲ್ಲಿಯ ಮಠದವರೇ.

ಮೂರನೆಯ ದಿನ: ರಾಶಿ ಮತ್ತು ತಂತಿ

ಅಕ್ಕಿಆಲೂರಿನ ಮೇಲಿಂದ ತಿಳವಳ್ಳಿಯ ಕಡೆಗೆ, ವರದಾ ನದಿಯನ್ನು ದಾಟಿ ತೆಂಕಣಕ್ಕೆ ಇಳಿಯುವ ದಾರಿ ಈ ಸುತ್ತಿನಲ್ಲಿಯೇ ಅತಿ ಚೆಲುವಾದದ್ದು. ಒಂದು ಕೆರೆ ಮುಗಿಯುವ ಮುನ್ನ ಇನ್ನೊಂದರ ಏರಿ ಕಾಣಿಸುತ್ತದೆ; ಅಡಿಕೆ, ಬಾಳೆಗಳ ತೋಟ ಸರಿದರೆ ಗೋವಿನಜೋಳದ ಹೊಲ. ದಾರಿ ಎಲ್ಲಿಯೂ ಒಂದು ಮೈಲಿ ನೆಟ್ಟಗೆ ಹೋಗುವುದಿಲ್ಲ. ಎಂದೋ ಎತ್ತಿನ ಗಾಡಿಗಳು ಹಳ್ಳದಿಣ್ಣೆಗಳನ್ನು ತಪ್ಪಿಸಿ ಹೂಡಿದ ಜಾಡಿನ ಮೇಲೆಯೇ ಡಾಂಬರು ಬಿದ್ದಿದೆ.

ಅಂತಹ ಒಂದು ತಿರುವಿನಲ್ಲಿ ಅನಾಹುತ ಕಾದಿತ್ತು. ಅರ್ಧ ರಸ್ತೆಯ ಮೇಲೆ ಗೋವಿನಜೋಳವನ್ನು ಒಣಹಾಕಿದ್ದರು. ಹಿಂದಿನಿಂದ ತಂದೆ “ಬ್ರೇಕ್ ಹಿಡೀಬ್ಯಾಡ!” ಎಂದು ಕೂಗುವಷ್ಟರಲ್ಲಿ ಮಗನ ಕೈ ಹಿಡಿದಾಗಿತ್ತು. ಕಾಳಿನ ಮೇಲೆ ಗಾಲಿ ಜಾರಿ ಗಾಡಿ ಮಲಗಿತು. ವೇಗ ಕಡಿಮೆಯಿದ್ದುದರಿಂದ ಒಬ್ಬರ ಮೊಳಕೈ ತರಚಿತು, ಇನ್ನೊಬ್ಬರ ಹೆಲ್ಮೆಟ್ಟು ಗೀರಿತು, ಅಷ್ಟೇ. ಹೊಲದಿಂದ ಓಡಿ ಬಂದ ದಂಪತಿಗಳು ಗಾಡಿಯನ್ನು ಎತ್ತಿದರು, ನೀರು ಕೊಟ್ಟರು. ಮಗ ಸಿಟ್ಟಿನಿಂದ ಏನೋ ಹೇಳಹೊರಟಾಗ ರೈತ ತಾನೇ ತಲೆ ತಗ್ಗಿಸಿ ನುಡಿದ: “ತಪ್ಪಾತ್ರೀ ಸಾಹೇಬ್ರ. ಆದರ ಕಣಾನ ಇಲ್ಲ, ಎಲ್ಲಿ ಒಣಗಿಸೋಣ್ರಿ?”

ಅವನ ಮಾತಿನಲ್ಲಿ ನೆವವಿರಲಿಲ್ಲ. ಹಿಂದೆ ಸುಗ್ಗಿ ಬಂದರೆ ಹೊಲದ ಮೂಲೆಯನ್ನು ಕೆತ್ತಿ, ಸಗಣಿ ಬಳಿದು, ಮೇಟಿ ನೆಟ್ಟು ಕಣ ಮಾಡುತ್ತಿದ್ದರು. ಎತ್ತುಗಳು ಕಡಿಮೆಯಾದವು, ಹೊಲಗಳು ಪಾಲಾಗಿ ತುಂಡಾದವು, ಒಕ್ಕುವ ಕೆಲಸಕ್ಕೆ ಯಂತ್ರ ಬಂದಿತು. ಕಣದ ರೂಢಿ ತಪ್ಪಿತು. ಹಸಿಯ ಕಾಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಬಿಸಿಲಿಗೆ ಕಾಯುವ ಚೊಕ್ಕಟ ನೆಲವೆಂದರೆ ಡಾಂಬರು ರಸ್ತೆಯೊಂದೇ. ಪೇಟೆಯವನಿಗೆ ಅದು ಹಾದಿ. ಒಕ್ಕಲಿಗನಿಗೆ ಅದು ಕಣ. ಅಪಾಯ ಮಾತ್ರ ಇಬ್ಬರಿಗೂ ಸಮಾನ. ಹಳ್ಳಿಹಳ್ಳಿಗೂ ಒಂದು ಸಾಮೂಹಿಕ ಕಣವಾಗದ ಹೊರತು ಈ ತಂಟೆ ತೀರುವುದಲ್ಲ.

ಗಾಡಿಯ ಕ್ಲಚ್ಚಿನ ತಂತಿ ಹರಿದಿತ್ತು. ಮಗ ಮಿಸ್ತ್ರಿಯನ್ನು ಹುಡುಕಲು ಹೊರಟ. ತಂದೆ ನಕ್ಕು, ಹಳೆಯ ತಂತಿಯ ಜೊತೆಗೇ ಕಟ್ಟಿಟ್ಟಿದ್ದ ಇನ್ನೊಂದು ತಂತಿಯನ್ನು ಬೆರಳಿನಿಂದ ತೋರಿಸಿದರು. ದೂರದ ಹಾದಿ ಹೋಗುತ್ತಿದ್ದ ಹಳೆಯ ಸವಾರರ ಜಾಣತನ ಅದು. ಆದರೆ ತಂತಿಯ ತುದಿಯ ಗುಂಡನ್ನು ಅದರ ಗುಳಿಯಲ್ಲಿ ಕೂಡಿಸಲು ಅವರಿಗೆ ಕಾಣಲೊಲ್ಲದು. ಎರಡು ಸಲ ಯತ್ನಿಸಿ ಕೈ ಹಿಂದೆಗೆದರು. “ನೀ ಮಾಡು, ನಾ ಹೇಳತೀನಿ” ಎಂದರು. ತಂದೆ ಹೇಳುತ್ತ ಹೋದರು, ಮಗ ಮಾಡುತ್ತ ಹೋದ. ಅರ್ಧ ತಾಸಿನಲ್ಲಿ ಗಾಡಿ ಎದ್ದಿತು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು ಮಗನಿಗೆ ಗಾಡಿಯ ಪಾಠ ಹೇಳಿದ್ದು ಅದೇ ಮೊದಲು.

ನಾಲ್ಕನೆಯ ದಿನ: ಮನೆಯ ದಾರಿ

ಹಿರೇಕೆರೂರಿನ ವಸತಿ ಮುಗಿಸಿ ಬೆಳಿಗ್ಗೆ ಮಾಸೂರಿನ ಮದಗದ ಕೆರೆ. ಕುಮುದ್ವತಿ ಹೊಳೆ ಎರಡು ಗುಡ್ಡಗಳ ನಡುವೆ ನುಸುಳುವ ಕಿಂಡಿಗೆ ಒಡ್ಡು ಕಟ್ಟಿ ಹಿಂದಿನವರು ಈ ಕೆರೆಯನ್ನು ಮಾಡಿದರು. ನಿಸರ್ಗ ಅರ್ಧ ಕಟ್ಟಿದ್ದನ್ನು ಮನುಷ್ಯ ಪೂರ್ತಿಗೊಳಿಸಿದ ಜಾಣ್ಮೆ ಏರಿಯ ಮೇಲೆ ನಿಂತವರಿಗೆ ತಾನೇ ಹೊಳೆಯುತ್ತದೆ. ಏಕಾಂತದ ರಾಮಯ್ಯನ ಅಬಲೂರು ಇಲ್ಲಿಗೆ ಸಮೀಪ. ಸರ್ವಜ್ಞನನ್ನು ತಮ್ಮವನೆಂದು ಹೇಳಿಕೊಳ್ಳುವ ಊರುಗಳೂ ಈ ಸೀಮೆಯಲ್ಲಿವೆ.

ಹಿಂದಿರುಗುವಾಗ ಕನಕದಾಸರ ಆದಿಕೇಶವನ ಕಾಗಿನೆಲೆ. ಕೊನೆಗೆ ಅವರು ಹುಟ್ಟಿದ ಬಾಡ. ದಾಸರು ಬಾಡದಿಂದ ಕಾಗಿನೆಲೆಗೆ ನಡೆದ ಹಾದಿಯನ್ನು ಗಾಡಿ ಹಿಂದುಮುಂದಾಗಿ ಸವೆಸಿತು. ಹೊತ್ತು ಮುಳುಗುವಾಗ ದುಂಡಸಿಯ ದೀಪಗಳು ಕಂಡವು. ಬಾಗಿಲಲ್ಲಿದ್ದ ಅವ್ವ ಮೊದಲು ನೋಡಿದ್ದು ಮಗನ ಮೊಳಕೈಯನ್ನು.

ಊಟವಾದ ಮೇಲೆ ಮಾರಾಟದ ಮಾತು ಬಂದಿತು. ಗಾಡಿಯನ್ನು ನೆನಪಿಗಾಗಿ ಮನೆಯಲ್ಲಿಯೇ ಇಟ್ಟುಕೊಳ್ಳೋಣವೆಂದು ಮಗ ಹೇಳಿದ. ತಂದೆ ಒಪ್ಪಲಿಲ್ಲ. “ಓಡಲಾರದ ಗಾಡಿ ಇಟ್ಟು ಪೂಜಿ ಮಾಡೂದೇನು? ವರ್ಷಕ್ಕೊಮ್ಮೆ ಬಂದು ಹೊಡೀತೀನಿ ಅಂದರ ಇಡು; ಇಲ್ಲಂದರ ಹೊಡಿಯೋರಿಗೆ ಕೊಡು.”

ಮಗ ಕೂಡಲೇ ಉತ್ತರ ಕೊಡಲಿಲ್ಲ. ಬೆಂಗಳೂರಿನ ರಜೆಯ ಲೆಕ್ಕ ಅವನಿಗೆ ಗೊತ್ತು. ಸುಲಭವಾಗಿ ಕೊಟ್ಟ ಮಾತು ಎಷ್ಟು ದಿನ ಉಳಿಯುವುದೆಂಬುದೂ ಗೊತ್ತು. ಹುಬ್ಬಳ್ಳಿಯವರಿಗೆ ಯುಗಾದಿಯವರೆಗೆ ತಾಳಿಕೊಳ್ಳಿರೆಂದು ತಿಳಿಸಿದ. ಮರುದಿನ ಬಸ್ಸು ಹತ್ತುವ ಮುನ್ನ ಪೇಟೆಗೆ ಹೋಗಿ ಹೊಸ ಕ್ಲಚ್ಚಿನ ತಂತಿಯೊಂದನ್ನು ತಂದು, ಹಳೆಯದರ ಪಕ್ಕದಲ್ಲಿಯೇ ಕಟ್ಟಿಟ್ಟ.